ಏಳು ಸೀಟು, ಒಂದು ಹರಕೆ

2024ರ ಮೇ 25, ಶನಿವಾರ, ಈ ಕಡೆಯ ಕೋಲ, ಜಾತ್ರೆಗಳೆಲ್ಲ ಮುಗಿಯುವ ಪತ್ತನಾಜೆ ಕಳೆದ ಮರುದಿನ, ನರಿಮೊಗರಿನ ಒಂದು ಮನೆಯಿಂದ ನಾನು ಒಂಬತ್ತು ವರ್ಷ ಹಳೆಯ, ಬಿಳಿ ಬಣ್ಣದ, ಏಳು ಸೀಟಿನ ಡೀಸೆಲ್ ಎಸ್‌ಯುವಿ ಕೊಂಡುಕೊಂಡೆ. ಆಗ ನನಗೆ ಐವತ್ತಾರು ವರ್ಷ. ಮದುವೆಯಾಗಿಲ್ಲ. ಪುತ್ತೂರು ಪೇಟೆಯ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಇದ್ದೇನೆ. ಇಪ್ಪತ್ತೆಂಟು ವರ್ಷ ಒಂದು ಪತ್ರಿಕೆಯಲ್ಲಿ ಮೊದಲು ವರದಿಗಾರನಾಗಿ, ಆಮೇಲೆ ಡೆಸ್ಕಿನಲ್ಲಿ ಕೆಲಸ ಮಾಡಿ, ಆ ವರ್ಷದ ಮಾರ್ಚಿನಲ್ಲಿ ಬಿಟ್ಟಿದ್ದೆ. ಅಲ್ಲಿಯವರೆಗೆ ನನ್ನ ಹೆಸರಿನಲ್ಲಿದ್ದ ವಾಹನ ಒಂದು ಸ್ಕೂಟರ್ ಮಾತ್ರ.

ಗಾಡಿ ಕೊಳ್ಳಲು ಕಾರಣ ಅಕ್ಕನ ಒಂದು ಹರಕೆ. 2021ರಲ್ಲಿ ನಾನು ಕೋವಿಡ್ ಬಂದು ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದೆ. ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ಕೋಡಿಂಬಾಳದಲ್ಲಿದ್ದ ಅಕ್ಕ, ಇವ ಎದ್ದು ಬಂದರೆ ಇಬ್ಬರೂ ಒಟ್ಟಿಗೆ ಸುಬ್ರಹ್ಮಣ್ಯಕ್ಕೆ ಬಂದು ಆಶ್ಲೇಷ ಬಲಿ ಮಾಡಿಸುತ್ತೇವೆ ಎಂದು ಹೇಳಿಕೊಂಡಿದ್ದಳು. ನಾನು ಎದ್ದು ಬಂದೆ. ಆದರೆ ಆ ವರ್ಷವೇ ಅವಳ ಎರಡೂ ಮೊಣಕಾಲು ಹಿಡಿದುಕೊಂಡವು. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಸಣ್ಣ ಕಾರಿನಲ್ಲಿ ಕೂತರೆ ಏಳಲು ಇಬ್ಬರು ಕೈ ಹಿಡಿಯಬೇಕು. ಅವಳ ಮಗ ರಬ್ಬರ್ ಶೀಟಿನ ವ್ಯಾಪಾರಿ. ಅವನಲ್ಲಿ ಇರುವುದು ಪಿಕಪ್. ಕೋಡಿಂಬಾಳದಿಂದ ಸುಬ್ರಹ್ಮಣ್ಯಕ್ಕೆ ಒಂದು ಗಂಟೆಯ ದಾರಿಯೂ ಇಲ್ಲ. ಹರಕೆ ಮೂರು ವರ್ಷ ಹಾಗೆಯೇ ಉಳಿದಿತ್ತು.

ಇನ್ನೊಂದು ಕಾರಣವೂ ಇತ್ತು. ಅದನ್ನು ನಾನು ಯಾರಿಗೂ ಹೇಳಿಲ್ಲ.

ನಮ್ಮದು ಸುಳ್ಯ ಕಡೆಯ ಕುಟುಂಬ. ಮನೆಯಲ್ಲಿ ಆಡುವುದು ಅರೆಭಾಷೆ. ಓದುವವರಿಗೆ ತೊಡಕಾಗಬಾರದೆಂದು ಇಲ್ಲಿ ಮಾತುಗಳನ್ನು ಈ ಕಡೆಯ ಕನ್ನಡದಲ್ಲಿ ಬರೆದಿದ್ದೇನೆ. ಇಬ್ಬರು ಅಣ್ಣಂದಿರು, ಒಬ್ಬಳು ಅಕ್ಕ, ನಾನು ಕೊನೆಯವ. ಮದುವೆಯ ದಿಬ್ಬಣವೋ ಗೃಹಪ್ರವೇಶವೋ ಇದ್ದರೆ ಯಾರು ಯಾವ ಗಾಡಿಯಲ್ಲಿ ಎಂದು ತೀರ್ಮಾನಿಸುವುದು ಸಣ್ಣಣ್ಣ. ಜಗಲಿಯಲ್ಲಿ ನಿಂತು ಬೆರಳು ಮಡಚುತ್ತಾ ಹೇಳುತ್ತಾನೆ. ಅತ್ತಿಗೆ ಮುಂದೆ. ಮಕ್ಕಳು ನಡುವೆ. ಮಾವನಿಗೆ ಕಿಟಕಿ ಬೇಕು. ನನ್ನ ಸರದಿ ಬಂದಾಗ ಅವನ ಮಾತು ಯಾವಾಗಲೂ ಒಂದೇ: "ಇವ ಒಬ್ಬನೇ ಅಲ್ಲವಾ, ಎಲ್ಲಿಯಾದರೂ ಆಗ್ತದೆ."

ಎಲ್ಲಿಯಾದರೂ ಎಂದರೆ ಹಿಂದೆ, ಸಾಮಾನಿನ ಜೊತೆ. ಒಂದು ಕೈಯಲ್ಲಿ ಹೂವಿನ ಬುಟ್ಟಿ, ಕಾಲಿನ ನಡುವೆ ತೆಂಗಿನಕಾಯಿಯ ಚೀಲ. ಮೂವತ್ತು ವರ್ಷ ಹಾಗೆ ಹೋದೆ. ನನಗೆ ಅದರಲ್ಲಿ ದೂರು ಇರಲಿಲ್ಲ.

2023ರ ಡಿಸೆಂಬರಿನಲ್ಲಿ ಸಣ್ಣಣ್ಣನ ಮಗಳ ನಿಶ್ಚಿತಾರ್ಥ ಸುಳ್ಯದ ಒಂದು ಮದುವೆ ಹಾಲಿನಲ್ಲಿ ಇತ್ತು. ನಾನು ಹಿಂದಿನ ದಿನವೇ ಅವನ ಮನೆಗೆ ಹೋಗಿದ್ದೆ. ಅದು ಪೇಟೆಯಿಂದ ಒಳಗೆ, ಬಸ್ಸಿನ ರಸ್ತೆಯಿಂದ ಎರಡು ಕಿಲೋಮೀಟರ್ ದೂರ. ಹೊರಡುವ ಹೊತ್ತಿಗೆ ಸಣ್ಣಣ್ಣ ನನ್ನನ್ನು ಕರೆದು, "ಕೆಳಗೆ ಪಂಪ್ ಓಡ್ತಾ ಉಂಟು, ಒಂದು ಆಫ್ ಮಾಡಿ ಬಾ" ಎಂದ. ನಾನು ಪಂಪ್ ಶೆಡ್ಡಿಗೆ ಹೋಗಿ ಆಫ್ ಮಾಡಿ, ಕಾಲು ತೊಳೆದು ಮೇಲೆ ಬಂದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಅಂಗಳದಲ್ಲಿ ನಿಂತಿದ್ದ ಮೂರು ಕಾರೂ ಇರಲಿಲ್ಲ.

ಒಂದೊಂದು ಕಾರಿನವರೂ ನಾನು ಇನ್ನೊಂದರಲ್ಲಿ ಇದ್ದೇನೆ ಎಂದುಕೊಂಡಿದ್ದರು. ಇದು ಊಹೆಯಲ್ಲ, ಆಮೇಲೆ ಒಬ್ಬೊಬ್ಬರನ್ನಾಗಿ ಕೇಳಿ ಖಚಿತಪಡಿಸಿಕೊಂಡೆ. ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ರಸ್ತೆಗೆ ನಡೆದು, ಬಸ್ ಹಿಡಿದು, ಹಾಲಿಗೆ ಮುಟ್ಟುವಾಗ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ದೊಡ್ಡಣ್ಣ ನನ್ನನ್ನು ಕಂಡು, "ಪಾಯಸ ಚೆನ್ನಾಗಿತ್ತಲ್ಲ?" ಎಂದು ಕೇಳಿದ. ನಾನು ಇನ್ನೂ ಊಟ ಮಾಡಿರಲಿಲ್ಲ. ಹೌದು ಎಂದೆ.

ಅಕ್ಕ ಮಾತ್ರ ನನ್ನ ಅಂಗಿಯ ಬೆನ್ನು ನೋಡಿದಳು. "ಎಂತ ಇಷ್ಟು ಬೆವರು? ನಡೆದು ಬಂದದ್ದಾ?"

"ಸ್ವಲ್ಪ ದೂರ."

ಆಮೇಲೆ ಕೈ ತೊಳೆಯುವಲ್ಲಿ ನಿಂತು ಹೇಳಿದಳು: "ನಿನ್ನದೇ ಒಂದು ಗಾಡಿ ಇದ್ದಿದ್ದರೆ ನಾವು ಸುಬ್ರಹ್ಮಣ್ಯಕ್ಕೂ ಹೋಗಿ ಬರಬಹುದಿತ್ತು."

ಗಾಡಿ ಹುಡುಕಲು ಐದು ತಿಂಗಳು ಹಿಡಿಯಿತು. ಪುತ್ತೂರಿನ ನನ್ನ ಸ್ಕೂಟರಿನ ಮೆಕ್ಯಾನಿಕ್ ಹೇಳಿದ: "ಮೊಣಕಾಲು ನೋವಿನವರಿಗಾದರೆ ಎತ್ತರದ ಸೀಟು ಬೇಕು. ಕೂತಲ್ಲಿಂದ ಇಳಿದರಾಯಿತು, ಏಳುದು ಅಂತ ಇರಬಾರದು. ಪತ್ತನಾಜೆಯವರೆಗೆ ಕಾಯಿರಿ. ಮದುವೆ, ಕೋಲ ಎಲ್ಲ ಮುಗಿದ ಮೇಲೆ ದೊಡ್ಡ ಗಾಡಿಯವರು ಮಾರುದು." ಐದು ಸೀಟಿನದ್ದು ಎರಡು ನೋಡಿದೆವು. ಒಂದರ ಮ್ಯಾಟ್ ಎತ್ತಿದಾಗ ಅಡಿಯಲ್ಲಿ ತುಕ್ಕು ಇತ್ತು. ಇನ್ನೊಂದು ಎಲ್ಲೋ ಗುದ್ದಿ ಮುಂಭಾಗ ಬದಲಾದದ್ದು. ಮೂರನೆಯದು ನರಿಮೊಗರಿನದ್ದು.

ಮಾರುವವರು ಬ್ಯಾರಿ ಕುಟುಂಬದ ಹಿರಿಯರು. ಸೌದಿಯಲ್ಲಿ ಬಹಳ ವರ್ಷ ಇದ್ದು ಬಂದವರು. ಹೆಣ್ಣುಮಕ್ಕಳಿಗೆಲ್ಲ ಮದುವೆಯಾಗಿ, ಮನೆಯಲ್ಲಿ ಈಗ ಗಂಡ ಹೆಂಡತಿ ಇಬ್ಬರೇ. ನಮಗೆ ಹಾಲು ಹಾಕದ ಕಟ್ಟಂಚಾಯ ಬಂತು. ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗಲೇ ಎಣ್ಣೆಯ ಮುಚ್ಚಳ ತೆಗೆದು ಅಂಗೈ ಹಿಡಿದು ನೋಡಿದ, ಬಾಗಿಲಿನ ರಬ್ಬರ್ ಎಳೆದು ನೋಡಿದ, ಮಲಗಿ ಅಡಿ ನೋಡಿದ. ಹಿರಿಯರು ಅವನ ಹಿಂದೆಯೇ ಇದ್ದರು.

"ನೋಡು, ನೋಡು. ನನ್ನ ಮಗಳಿಗೆ ಹುಡುಗ ನೋಡುವಾಗ ನಾನೂ ಇಷ್ಟು ನೋಡಿಲ್ಲ ಮಾರಾಯ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮದು ಮನೆಯಲ್ಲಿ ಎಷ್ಟು ಜನ?"

"ಏಳು" ಎಂದೆ.

ಯಾಕೆ ಹೇಳಿದೆನೋ. ವೃತ್ತಿಯಲ್ಲಿ ಒಂದು ಸಂಖ್ಯೆಯನ್ನು ಎರಡು ಕಡೆ ಕೇಳದೆ ಬಿಟ್ಟವನಲ್ಲ.

"ಹಾಗಾದರೆ ಸರಿಯಾಯಿತು. ಹಿಂದಿನ ಸೀಟಿಗೆ ಮಕ್ಕಳನ್ನೇ ಹಾಕಿ. ದೊಡ್ಡವರು ಕೂತರೆ ಮೊಣಕಾಲು ಗಲ್ಲಕ್ಕೆ ಬಡೀತದೆ."

ವಾಪಸು ಬರುವಾಗ, ಮುಕ್ರಂಪಾಡಿ ಹತ್ತಿರ, ಮೆಕ್ಯಾನಿಕ್ ಕೇಳಿದ: "ಅಲ್ಲ ಮಾರಾಯ್ರೆ, ನನಗೆ ಗೊತ್ತಿಲ್ಲದೆ ಆರು ಜನ ಯಾವಾಗ ಬಂದು ಸೇರಿದ್ದು ನಿಮ್ಮ ಮನೆಗೆ?"

ಮುಂದಿನ ಭಾನುವಾರ ಆಲಂಕಾರಿನ ದಾರಿಯಲ್ಲಿ ಕೋಡಿಂಬಾಳಕ್ಕೆ ಹೋದೆ. ಕ್ಲಚ್ ಗಟ್ಟಿ ಇತ್ತು. ಎಡಗಾಲು ನೋಯುತ್ತಿತ್ತು. ಕನ್ನಡಿಯಲ್ಲಿ ಹಿಂದೆ ನೋಡಿದರೆ ಎರಡು ಸಾಲು ಖಾಲಿ ಸೀಟು, ಅವುಗಳ ಹಿಂದೆ ಗಾಜು, ಗಾಜಿನಾಚೆ ರಸ್ತೆ. ಅಷ್ಟು ಉದ್ದದ ಖಾಲಿಯನ್ನು ಬೆನ್ನಿಗೆ ಹೊತ್ತು ಓಡಿಸುವುದು ನನಗೆ ಹೊಸದು.

ಅಕ್ಕ ಅಂಗಳಕ್ಕೆ ಬಂದಳು. ಮುಂದಿನ ಬಾಗಿಲು ತೆಗೆದು ಕೊಟ್ಟೆ. ಮೇಲಿನ ಹಿಡಿಕೆ ಹಿಡಿದು, ಬೆನ್ನು ತಿರುಗಿಸಿ, ಒಂದೇ ಸಲಕ್ಕೆ ಕೂತಳು. ಇಳಿದಳು. ಮತ್ತೊಮ್ಮೆ ಕೂತಳು.

"ಇದು ಆಗ್ತದೆ" ಎಂದಳು. ಅವಳ ಮುಖದಲ್ಲಿ ಸಂತೋಷ ಕಾಣುತ್ತಿತ್ತು. ಆಮೇಲೆ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದಳು. "ಇಷ್ಟೂ ಸೀಟಾ?"

"ಏಳು."

"ಏಳು ಜನ ಹೋಗುವ ಗಾಡಿಯಲ್ಲಿ ಇಬ್ಬರೇ ಹೋಗುದಾ? ಖಾಲಿ ಗಾಡಿ ಓಡಿಸ್ತಾರೆ ಅಂತ ಹೇಳಿಯಾರು. ಇರು, ನಾನು ಜನ ಮಾಡ್ತೇನೆ."

ತಪ್ಪು ಎಲ್ಲಿ ಆಯಿತೆಂದು ಆ ಕ್ಷಣ ನನಗೆ ತಿಳಿಯಲಿಲ್ಲ. ನಮ್ಮಲ್ಲಿ ದೇವಸ್ಥಾನಕ್ಕೆ ಒಂದು ಗಾಡಿ ಹೊರಟರೆ ಅದರಲ್ಲಿ ಸೀಟು ಖಾಲಿ ಬಿಡುವುದಿಲ್ಲ. ನೆರೆಮನೆಯವರನ್ನಾದರೂ ಕರೆದು ಕೂರಿಸುತ್ತಾರೆ. ಬಿಟ್ಟರೆ ಅದು ಅಹಂಕಾರ, ದೇವರಿಗೂ ಆಗುವುದಿಲ್ಲ ಎಂಬ ಲೆಕ್ಕ. ನಾನೊಂದು ಹಳೆಯ ಸಣ್ಣ ಕಾರು ತಂದು, ಸೀಟಿನ ಮೇಲೆ ಎರಡು ದಿಂಬು ಹಾಕಿದ್ದರೆ ಅಕ್ಕ ಮರುದಿನವೇ ಹೊರಡುತ್ತಿದ್ದಳು.

ಅವಳು ಜನ ಮಾಡಲು ತೊಡಗಿದಳು. ಗಂಡನ ತಂಗಿ, ಅವರ ಮೊಮ್ಮಗಳು, ದೊಡ್ಡತ್ತಿಗೆ, ಪಕ್ಕದ ಮನೆಯ ಟೀಚರ್ ಮತ್ತು ಅವರ ತಾಯಿ. ನಾವಿಬ್ಬರು ಸೇರಿ ಏಳು. ಜುಲೈಗೆ ಎಂದಾಯಿತು. ಅಷ್ಟರಲ್ಲಿ ಶುಭ ಕೆಲಸಕ್ಕಾಗದ ಆಟಿ ತಿಂಗಳು ಬಂತು, ಆಟಿಯಲ್ಲಿ ಬೇಡ ಎಂದಾಯಿತು. ಸೆಪ್ಟೆಂಬರಿನಲ್ಲಿ ಗಂಡನ ತಂಗಿಯ ಕಡೆ ಯಾರೋ ತೀರಿಕೊಂಡು ಸೂತಕ. ನವೆಂಬರಿನಲ್ಲಿ ದೊಡ್ಡತ್ತಿಗೆಯ ತವರಿನಲ್ಲಿ ಮಗು ಹುಟ್ಟಿತು. ಅದಾದ ಮೇಲೆ ಟೀಚರಿಗೆ ಪರೀಕ್ಷೆಯ ಕೆಲಸ. ಏಳು ಜನರನ್ನು ಒಟ್ಟುಗೂಡಿಸಿದರೆ ಒಬ್ಬರಿಗಾದರೂ ಏನಾದರೊಂದು ಇದ್ದೇ ಇರುತ್ತದೆ. ನಮ್ಮಿಬ್ಬರಿಗೆ ಆ ವರ್ಷ ಏನೂ ಇರಲಿಲ್ಲ.

ಒಬ್ಬರು ತಪ್ಪಿದರೆ ಉಳಿದವರು ಹೋಗಬಹುದಲ್ಲ ಎಂದು ನಾನು ಒಮ್ಮೆ ಕೇಳಿದೆ. "ಬರುದು ಅಂತ ಹೇಳಿದವರನ್ನು ಬಿಟ್ಟು ಹೋಗುದು ಹೇಗೆ?" ಎಂದಳು. "ಬಿಟ್ಟು ಹೋದರೆ ಹೇಗೆ ಆಗ್ತದೆ ಅಂತ ನಿನಗೆ ಗೊತ್ತುಂಟಲ್ಲ." ನಿಶ್ಚಿತಾರ್ಥದ ದಿನದ ವಿಷಯ ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನು ಹೇಳಿರಲಿಲ್ಲ.

ಗಾಡಿ ವಾರಕ್ಕೆರಡು ಸಲ ಹೊರಡುತ್ತಿತ್ತು. ನಿಲ್ಲಿಸಿಯೇ ಇಟ್ಟರೆ ಬ್ಯಾಟರಿ ಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಬೆಳಿಗ್ಗೆ ಕಡಬದವರೆಗೋ ಸುಳ್ಯದವರೆಗೋ ಹೋಗಿ, ಒಂದು ಚಹಾ ಕುಡಿದು, ಬರುತ್ತಿದ್ದೆ. ಪಕ್ಕದ ಸೀಟಿನ ಮೇಲೆ ತರಕಾರಿಯ ಚೀಲ ಇಟ್ಟರೆ ಬೆಲ್ಟ್ ಹಾಕಿ ಎಂದು ಗಾಡಿ ಕಿರುಚುತ್ತದೆ. ಚೀಲಕ್ಕೆ ಬೆಲ್ಟ್ ಹಾಕಿದರೆ ಸುಮ್ಮನಾಗುತ್ತದೆ. ಸುಬ್ರಹ್ಮಣ್ಯದ ಬಸ್ಸಿಗೆ ಕಾಯುವವರು ಕೈ ಅಡ್ಡ ಹಿಡಿದು, "ಬಾಡಿಗೆಗೆ ಉಂಟಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಹಿಂದಿನ ಖಾಲಿ ಸೀಟುಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡುತ್ತಿದ್ದರು. ಕೆಲವರನ್ನು ಹತ್ತಿಸಿಕೊಂಡೆ. ಅವರೆಲ್ಲ ಹಿಂದಿನ ಸಾಲಿನಲ್ಲಿ ಕೂತರು. ಮುಂದೆ ಯಾರೂ ಕೂರಲಿಲ್ಲ.

2025ರ ಏಪ್ರಿಲಿನಲ್ಲಿ ದೊಡ್ಡಣ್ಣನ ಮಗನ ಮದುವೆ, ಸುಳ್ಯದಲ್ಲಿ. ದಿಬ್ಬಣ ಹೊರಡುವುದು ಕಡಬ ಹತ್ತಿರದ ದೊಡ್ಡಣ್ಣನ ಮನೆಯಿಂದ. ನಾನು ಹಿಂದಿನ ಸಂಜೆ ಗಾಡಿ ತೊಳೆದು, ಒಳಗೆ ಒರೆಸಿ, ಮೂರನೇ ಸಾಲಿನ ಸೀಟು ಎಬ್ಬಿಸಿ ನಿಲ್ಲಿಸಿದ್ದೆ. ಸಣ್ಣಣ್ಣ ಜಗಲಿಯಲ್ಲಿ ನಿಂತು ಬೆರಳು ಮಡಚಿದ. ಈಗ ಎಲ್ಲರಿಗೂ ಅವರವರ ಕಾರು ಇದೆ. ಮಕ್ಕಳೂ ಕಾರು ಓಡಿಸುತ್ತಾರೆ. ಅಕ್ಕನಿಗೆ ಸಣ್ಣಣ್ಣನ ಕಾರಿನ ಮುಂದಿನ ಸೀಟು ಎಂದಾಯಿತು. ಅವಳು ಧಾರೆಗೆ ಮೊದಲು ಮುಟ್ಟಬೇಕು, ವರನ ಸೋದರತ್ತೆ ಅವಳೇ.

"ನಿನ್ನದು ದೊಡ್ಡ ಗಾಡಿ" ಎಂದ ನನಗೆ. "ಹೂ, ಅಡಿಕೆಯ ಹಿಂಗಾರ, ದೀಪ, ವರನ ಪೆಟ್ಟಿಗೆ, ನೀರಿನ ಬಾಕ್ಸು, ಎಲ್ಲ ಒಂದರಲ್ಲೇ ಹೋಗ್ತದೆ. ಆ ಹಿಂದಿನ ಸೀಟು ಮಡಚು. ನಡುವಿನದ್ದೂ ಮಡಚು."

ಮಡಚಿದೆ.

"ಬೇಗ ಹೋಗಬೇಡ. ದೀಪ ಅಲುಗಾಡಬಾರದು" ಎಂದ.

ಹಾಲಿನ ಗೇಟಿನಲ್ಲಿ ಬ್ಯಾಡ್ಜ್ ಹಾಕಿದ್ದ ಹೆಣ್ಣಿನ ಕಡೆಯವರೊಬ್ಬರು ಕೈ ತೋರಿಸಿದರು. "ಡ್ರೈವರಣ್ಣ, ಸಾಮಾನು ಇಳಿಸಿ ಗಾಡಿ ಆ ಕಡೆ ಹಾಕಿ. ನಿಮಗೆಲ್ಲ ಊಟ ಹಿಂದೆ ಉಂಟು. ಬೇಗ ಆಗ್ತದೆ, ಕಾಯಬೇಕು ಅಂತ ಇಲ್ಲ."

ಪತ್ರಿಕೆಯಲ್ಲಿ ತಿದ್ದುಪಡಿ ಬರೆಯುವುದು ನನ್ನ ಕೆಲಸವೇ ಆಗಿತ್ತು. ಅಲ್ಲಿ ತಿದ್ದಲಿಲ್ಲ. ಗಾಡಿ ಆ ಕಡೆ ಹಾಕಿದೆ. ಧಾರೆಯ ಹೊತ್ತಿಗೆ ಒಳಗೆ ಹೋಗಿ ಅಕ್ಷತೆ ಹಾಕಿ, ಹೊರಗೆ ಬಂದು, ಹಿಂಭಾಗದ ಶೀಟಿನ ಚಪ್ಪರದಲ್ಲಿ ಕೂತೆ. ಹತ್ತು ಹನ್ನೆರಡು ಡ್ರೈವರುಗಳು ಇದ್ದರು. ಎದುರು ಕೂತವರು ಸುಬ್ರಹ್ಮಣ್ಯದಲ್ಲಿ ಯಾತ್ರಿಕರಿಗೆ ಟ್ಯಾಕ್ಸಿ ಓಡಿಸುವವರು.

"ಯಾರ ಗಾಡಿ ಅಣ್ಣ ಅದು, ಬಿಳಿಯದ್ದು?"

"ನನ್ನದೇ."

"ಸ್ವಂತದ್ದಾ? ಮತ್ತೆ ಇಲ್ಲಿ ಎಂತಕ್ಕೆ ಕೂತದ್ದು ಮಾರಾಯ್ರೆ! ಒಳಗೆ ಹೋಳಿಗೆ ಎರಡು ಹಾಕ್ತಾರೆ. ಇಲ್ಲಿ ಒಂದೇ."

"ನನಗೆ ಒಂದು ಸಾಕು."

"ಸಾಕಾದರೆ ಅದನ್ನು ಈ ಕಡೆ ದಾಟಿಸಿ" ಎಂದ ಪಕ್ಕದ ಟೆಂಪೊದವ. "ಸ್ವಂತ ಗಾಡಿಗೆ ಸ್ವಂತ ಡ್ರೈವರ್. ಒಳ್ಳೆಯದೇ. ಬೈಯುವ ಓನರ್ ಇಲ್ಲ."

"ಓನರ್ ಬೈಯದಿದ್ದರೆ ಇವನಿಗೆ ನಿದ್ರೆ ಬರುದಿಲ್ಲ" ಎಂದರು ಟ್ಯಾಕ್ಸಿಯವರು, ಅವನನ್ನು ತೋರಿಸಿ. ಆಮೇಲೆ ನನ್ನ ಕ್ಲಚ್ ವಿಷಯ ಬಂತು. ಪ್ಲೇಟ್ ಬದಲಿಸುವುದೋ ಬೇಡವೋ ಎಂದು ಅವರೊಳಗೆ ಜಗಳವೇ ಆಯಿತು. ಮುಕ್ಕಾಲು ಗಂಟೆ ಮಾತಾಡಿದೆವು. ಆ ತಿಂಗಳು ನಾನು ಯಾರ ಜೊತೆಗೂ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಎಲೆ ಮಡಚುವಾಗ ಅಕ್ಕ ಕೋಲು ಊರಿಕೊಂಡು ಚಪ್ಪರದ ಬಾಗಿಲಿಗೆ ಬಂದಳು. ಅಷ್ಟು ದೂರ ನಡೆದು ಬಂದದ್ದಕ್ಕೆ ಏದುಸಿರು ಬರುತ್ತಿತ್ತು.

"ಒಳಗೆ ಎರಡು ಪಂಕ್ತಿ ಹುಡುಕಿದೆ ನಿನ್ನನ್ನು. ಎಂತ ಇಲ್ಲಿ ಕೂತದ್ದು?"

"ಇಲ್ಲಿ ಜಾಗ ಇತ್ತು."

ಅವಳು ಡ್ರೈವರುಗಳನ್ನು ನೋಡಿದಳು. ಅವರು ನನ್ನನ್ನು ನೋಡಿದರು. ಟ್ಯಾಕ್ಸಿಯವರು ಎದ್ದು ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ. "ಹೋಗುವಾಗ ನಾನು ನಿನ್ನ ಗಾಡಿಯಲ್ಲಿ ಬರುದು" ಎಂದಳು.

ಆದರೆ ಸಂಜೆ ಮದುಮಗಳ ಕಡೆಯಿಂದ ಬಂದ ಸಾಮಾನು ಇನ್ನಷ್ಟು ಇತ್ತು. ಮುಂದಿನ ಸೀಟಿನಲ್ಲಿ ಸಣ್ಣಣ್ಣ ಎರಡು ಸ್ಟೀಲಿನ ಕೊಡ ಇಟ್ಟು, ಬೆಲ್ಟ್ ಹಾಕಿದ್ದ. ಅಕ್ಕನನ್ನು ಯಾರೋ ಆಗಲೇ ಕರೆದುಕೊಂಡು ಹೋಗಿದ್ದರು.

ಆ ವಾರದ ಕೊನೆಯಲ್ಲಿ ನಾನು ಕೋಡಿಂಬಾಳಕ್ಕೆ ಹೋಗಿ ನೇರವಾಗಿ ಕೇಳಿದೆ. ಅವಳು ಹಿಂದಿನ ಜಗಲಿಯಲ್ಲಿ ಹಲಸಿನ ಸೊಳೆ ಬಿಡಿಸುತ್ತಿದ್ದಳು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡಿದ್ದಳು.

"ನಾಳೆ ಹೋಗುವ. ನೀನು, ನಾನು. ಹರಕೆ ಹೇಳಿದ್ದು ಇಬ್ಬರಿಗೇ ಅಲ್ಲವಾ?"

ಅವಳು ಸೊಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ದು ಇಬ್ಬರಿಗೇ. ಆಗ ನಿನ್ನ ಗಾಡಿ ಇರಲಿಲ್ಲ."

"ಗಾಡಿ ತಂದದ್ದೇ ಅದಕ್ಕೆ."

"ಗೊತ್ತುಂಟು." ಮತ್ತೊಂದು ಸೊಳೆ ಬಿಡಿಸಿ ಹೇಳಿದಳು: "ನೋಡು, ಅಲ್ಲಿ ಇಳಿಯುವಾಗ ಅಷ್ಟು ದೊಡ್ಡ ಗಾಡಿಯಿಂದ ನೀನೊಬ್ಬ, ಕೋಲು ಹಿಡಿದ ನಾನೊಬ್ಬಳು. ಇವನಿಗೆ ಇರುದು ಇವಳೊಬ್ಬಳೇ ಅಂತ ದೇವರ ಎದುರು ತೋರಿಸುದಾ? ನನಗೆ ಅರವತ್ತೇಳಾಯಿತು. ನಾಳೆ ನಾನಿಲ್ಲದಿದ್ದರೆ ಆ ಸೀಟಿನಲ್ಲಿ ಯಾರು? ನಾಲ್ಕು ಜನಕ್ಕೆ ಈಗಲೇ ಅಭ್ಯಾಸ ಆಗಲಿ. ನಿನ್ನ ಗಾಡಿ ಹತ್ತುದು, ಇಳಿಯುದು."

ಅವಳು ಒಂದು ಸೊಳೆ ನನ್ನ ಕೈಗೆ ಕೊಟ್ಟಳು. ಕೈಗೆ ಮೇಣ ಅಂಟಿತು. ಎಣ್ಣೆ ಹಚ್ಚು ಎಂದಳು.

ಪುತ್ತೂರಿಗೆ ಬಂದ ಮೇಲೆ ಗ್ಯಾರೇಜಿಗೆ ಹೋಗಿ, ಮೂರನೇ ಸಾಲಿನ ಎರಡು ಸೀಟನ್ನು ಬಿಚ್ಚಿಸಿ ತೆಗೆಯಲು ಆಗುತ್ತದೆಯೇ ಎಂದು ಮೆಕ್ಯಾನಿಕನನ್ನು ಕೇಳಿದೆ. ಐದೇ ಸೀಟಾದರೆ ಜನ ಬೇಗ ಸೇರಬಹುದು ಎಂಬುದು ನನ್ನ ಯೋಚನೆ.

"ಆಗ್ತದೆ. ಆದರೆ ಆರ್‌ಸಿಯಲ್ಲಿ ಏಳು ಅಂತ ಉಂಟು" ಎಂದ. "ಎಂತ, ಆ ಆರು ಜನ ಬಿಟ್ಟು ಹೋದರಾ?"

ಸೀಟು ತೆಗೆಸಲಿಲ್ಲ. ಕ್ಲಚ್ ಪ್ಲೇಟ್ ಬದಲಿಸಿದೆ.

ಅಕ್ಕನ ಎಡ ಮೊಣಕಾಲಿಗೆ ಮಳೆಗಾಲದ ನಂತರ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ್ದಾರೆ. ಆದ ಮೇಲೆ ಮೂರು ತಿಂಗಳು ಎಲ್ಲಿಗೂ ಹೋಗುವಂತಿಲ್ಲ. ಅದಕ್ಕೆ ಮೊದಲು ಹರಕೆ ತೀರಬೇಕೆಂದು ಅವಳೂ ಒಪ್ಪಿ, ಒಂದು ಮಂಗಳವಾರ ಗೊತ್ತುಮಾಡಿದ್ದಾಳೆ. ಸೇವೆಯ ರಶೀದಿಗೆ ಹೆಸರು ಕೊಡಬೇಕಾದದ್ದು ಹಿಂದಿನ ದಿನ.

ಗಂಡನ ತಂಗಿ ಬರುತ್ತೇನೆ ಎಂದಿದ್ದಾರೆ, ಮೊಮ್ಮಗಳು ಬರುವುದಿಲ್ಲವಂತೆ. ಪಕ್ಕದ ಮನೆಯ ಟೀಚರ್ ರಜೆ ಸಿಕ್ಕಿದರೆ ಎಂದಿದ್ದಾರೆ. ಅವರ ತಾಯಿ ಮಗಳು ಬಂದರೆ ಎಂದಿದ್ದಾರೆ. ದೊಡ್ಡತ್ತಿಗೆ ಇನ್ನೂ ಹೇಳಿಲ್ಲ. ನಿನ್ನೆ ಬೆಳಿಗ್ಗೆ ಅಕ್ಕ ಫೋನ್ ಮಾಡಿ, ಸಣ್ಣಣ್ಣನನ್ನೂ ಕೇಳಿದ್ದೇನೆ, ಅವನು ತನ್ನ ಕಾರಿನಲ್ಲಿ ಹಿಂದೆಯೇ ಬರುತ್ತಾನಂತೆ, ಬೇಡ, ಬರುವುದಾದರೆ ನಮ್ಮ ಜೊತೆ ಈ ಗಾಡಿಯಲ್ಲೇ ಬಾ ಎಂದು ಹೇಳಿದ್ದೇನೆ ಎಂದಳು. ಅವನ ಉತ್ತರ ಬಂದಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಖಚಿತವಾಗಿರುವವರು ಮೂವರು, ನಾನೂ ಅಕ್ಕನೂ ಸೇರಿ. ಮಂಗಳವಾರಕ್ಕೆ ಇನ್ನು ಐದು ದಿನ ಇದೆ.